ಹೊರಗಿನ ಚಿಲಕ

ಕಳೆದ ತಿಂಗಳು, ನಾನು ಕೆಲಸ ಮಾಡುವ ಕನಕಪುರದ ಶಾಲೆಯಲ್ಲಿ ನೀರಿನ ತೊಟ್ಟಿಯನ್ನು ತೊಳೆಸಿದರು. ಆಗ ನಾನು ಎಂಟನೇ ತರಗತಿಯಲ್ಲಿ ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದೆ. ಕಿಟಕಿಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಒಳಗೆ ಬಂತು. ಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ತರಗತಿಯ ಬಾಗಿಲು ತೆರೆದಿದೆಯೇ ಎಂದು ತಿರುಗಿ ನೋಡಿದೆ. ತೆರೆದೇ ಇತ್ತು. ಆದರೂ ಹೋಗಿ ಅದರ ಚಿಲಕವನ್ನು ಮುಟ್ಟಿ ನೋಡಿ ಬಂದೆ. ಮಕ್ಕಳು ನಕ್ಕರು. ಮುಂದಿನ ಬೆಂಚಿನ ಹುಡುಗಿ, “ಮಿಸ್, ಯಾರೂ ಬಂದಿಲ್ಲ ಮಿಸ್,” ಎಂದಳು.

ಆ ವಾಸನೆ ಬಂದಾಗಲೆಲ್ಲ ನನಗೆ ಕೊರೊನಾದ ಎರಡನೇ ಅಲೆಯ ಬೇಸಿಗೆ ನೆನಪಾಗುತ್ತದೆ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರೂ ಸಾಯಲಿಲ್ಲ. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಏಕೆಂದರೆ ಆ ವರ್ಷದ ಬಗ್ಗೆ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ. “ನಿಮ್ಮ ಮನೆಯಲ್ಲಿ?” ಎಂದು ಕೇಳುತ್ತಾರೆ. “ಎಲ್ಲರೂ ಹುಷಾರಾದರು,” ಎಂದು ನಾನು ಹೇಳುತ್ತೇನೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಹೇಳಿದ ಪ್ರತಿ ಸಲವೂ ನನ್ನ ಅಕ್ಕನ ಮುಖ ಕಣ್ಣ ಮುಂದೆ ಬರುತ್ತದೆ.

ನಮ್ಮದು ಕೈಲಾಂಚ ಹೋಬಳಿಯ ಒಂದು ಸಣ್ಣ ಊರು. ಎರಡು ಎಕರೆ ಹಿಪ್ಪುನೇರಳೆ, ಒಂದಿಷ್ಟು ರಾಗಿ, ಎರಡು ಹಸು. ಅಪ್ಪ ಏಳನೇ ತರಗತಿಯವರೆಗೆ ಓದಿದವನು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಂಜುಳಕ್ಕ ನನಗಿಂತ ಆರು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಇಬ್ಬರನ್ನೂ ಓದಿಸಲು ಆಗುವುದಿಲ್ಲವೆಂದು ಅವಳನ್ನು ಹತ್ತೊಂಬತ್ತಕ್ಕೆ ಮದುವೆ ಮಾಡಿದರು. ನಾನು ಓದಿದೆ, ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳಾದೆ. ಈ ಎರಡು ಸಂಗತಿಗಳ ನಡುವಿನ ಸಂಬಂಧವನ್ನು ನಾನು ಬಹಳ ವರ್ಷ ಯೋಚಿಸಲೇ ಇಲ್ಲ.

ಅವಳನ್ನು ಕೊಟ್ಟದ್ದು ಮಾಗಡಿ ಕಡೆಯ ಒಂದು ಊರಿಗೆ. ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ನಡೆದದ್ದರಲ್ಲಿ ಊರಿನದೇನೂ ತಪ್ಪಿಲ್ಲ. ಮದುವೆಯಾದ ಎರಡನೇ ವರ್ಷ ಅವಳ ಗಂಡನಿಗೆ ಅನುಮಾನ ಹುಟ್ಟಿತು. ಬಸ್ಸಿಗೆ ಕಾಯುವಾಗ ಅವಳು ಯಾರೊಂದಿಗೋ ನಕ್ಕಳಂತೆ. ಮನೆಯವರೆಲ್ಲ ಹೊಲಕ್ಕೆ ಹೋಗುವಾಗ ಅವಳನ್ನು ರಾಗಿ ಮೂಟೆಗಳನ್ನಿಡುವ ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕತೊಡಗಿದರು. ಮೊದಲು ಹಗಲು ಮಾತ್ರ, ಆಮೇಲೆ ಹಗಲೂ ರಾತ್ರಿಯೂ. ಗೌರಿ ಹಬ್ಬಕ್ಕೆ ಆರಂಭವಾದದ್ದು ಸಂಕ್ರಾಂತಿಯವರೆಗೆ ನಡೆಯಿತು. ಎಳ್ಳು ಬೆಲ್ಲ ಕೊಡಲು ಹೋದ ಅಪ್ಪನಿಗೆ, “ಅವ್ಳು ಮನೇಲಿಲ್ಲ, ನೆಂಟರ ಮನೇಗೋಗವಳೆ,” ಎಂದರು. ಅಪ್ಪ ಜಗುಲಿ ಇಳಿದು ಹೊರಟಿದ್ದ. ಆಗ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಮಗುವಾಗಿದ್ದಾಗಿನಿಂದ ಕೇಳಿದ್ದ ಕೆಮ್ಮು. ಅಪ್ಪ ಅವಳನ್ನು ಅಂದೇ ಕರೆದುಕೊಂಡು ಬಂದ.

ಆ ಕೋಣೆಯಲ್ಲಿ ಏನಾಯಿತೆಂದು ಅಕ್ಕ ನಮಗೆ ಎಂದೂ ಹೇಳಲಿಲ್ಲ. ನಾವು ತಿಳಿದುಕೊಂಡದ್ದೆಲ್ಲ ಅವಳ ನಡವಳಿಕೆಯಿಂದ. ಅವಳು ಮುಚ್ಚಿದ ಬಾಗಿಲಿನ ಹಿಂದೆ ಇರಲಾರಳು. ಬಸ್ಸಿನಲ್ಲಿ ಬಾಗಿಲಿನ ಪಕ್ಕದ ಸೀಟು ಸಿಕ್ಕದಿದ್ದರೆ ಮುಂದಿನ ಬಸ್ಸಿಗೆ ಕಾಯುವಳು. ಅಪ್ಪ ಬಚ್ಚಲಿನ ಬಾಗಿಲನ್ನು ಕಳಚಿ, ಗೋಣಿಚೀಲದ ಎರಡು ಮಡಿಕೆಯ ಪರದೆ ಕಟ್ಟಿದ. ಮಲಗುವಾಗ ಮನೆಯ ಬಾಗಿಲನ್ನು ಒರಗಿಸುತ್ತಿದ್ದೆವೇ ಹೊರತು ಅಗುಳಿ ಹಾಕುತ್ತಿರಲಿಲ್ಲ. ನೆಂಟರು ಬಂದವರು, “ಇದೇನ್ರೀ, ನಿಮ್ಮನೇಲಿ ಕಳ್ಳರ ಭಯ ಇಲ್ವಾ?” ಎಂದು ಕೇಳಿದರೆ, ಅವ್ವ, “ಕದಿಯಾಕೆ ಏನೈತೆ ನಮ್ಮನೇಲಿ, ನಿಮ್ಮನೇಗೇ ಓಗ್ತಾರೆ,” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಕ್ಕನನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದ್ದು ರೇಷ್ಮೆ ಹುಳು. ಮನೆಯ ಹಿಂದೆ ಅಪ್ಪ ಕಟ್ಟಿಸಿದ್ದ ಶೀಟಿನ ಮಾಡಿನ ಹುಳು ಮನೆಗೆ ಅವಳು ಒಂದು ದಿನ ತಾನಾಗಿ ಸೊಪ್ಪು ಹೊತ್ತು ಹೋದಳು. ಆಮೇಲೆ ಅಲ್ಲಿನ ಕೆಲಸವೆಲ್ಲ ಅವಳದೇ ಆಯಿತು. ಆದರೆ ಹುಳು ಮನೆಯ ಬಾಗಿಲು ಸದಾ ಮುಚ್ಚಿರಬೇಕು. ತೆರೆದಿದ್ದರೆ ಊಜಿ ನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ. ಅದಕ್ಕೆ ಅಪ್ಪ ಬಾಗಿಲಿನಾಚೆ ನೈಲಾನ್ ಬಲೆಯ ಒಂದು ಚಿಕ್ಕ ಗೂಡು ಮಾಡಿ, ಒಂದರ ಹಿಂದೆ ಒಂದರಂತೆ ಎರಡು ಪರದೆ ಇಳಿಬಿಟ್ಟ. ಬಾಗಿಲು ತೆರೆದೇ ಇರುತ್ತಿತ್ತು, ನೊಣವೂ ಬರುತ್ತಿರಲಿಲ್ಲ. ರೇಷ್ಮೆ ಇಲಾಖೆಯಿಂದ ಬಂದವರು, “ಇದೇನಪ್ಪ ಹೊಸ ಪದ್ಧತಿ?” ಎಂದಾಗ ಅಪ್ಪ, “ನಮ್ ಮಗಳು ಕಂಡುಹಿಡ್ದಿದ್ದು ಸಾರ್,” ಎಂದ. ಅಕ್ಕ ಸೊಪ್ಪಿನ ರಾಶಿಯ ಹಿಂದೆ ನಕ್ಕಳು. ಊರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂಬತ್ತು ವರ್ಷ ಹೀಗೆ ಹೋಯಿತು. ನಮ್ಮ ರೇಷ್ಮೆ ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರಿತ್ತು. ಅಕ್ಕ ವಾಸಿಯಾಗಿದ್ದಾಳೆ ಎಂದು ನಾವು ನಂಬಿದ್ದೆವು.

ಮೊದಲ ವರ್ಷದ ಲಾಕ್‌ಡೌನ್ ಬಂದಾಗ ಪಂಚಾಯಿತಿಯ ಆಟೊ ಧ್ವನಿವರ್ಧಕ ಕಟ್ಟಿಕೊಂಡು ಬೀದಿ ಬೀದಿ ತಿರುಗಿತು. “ಮನೆಯಿಂದ ಹೊರಗೆ ಬರಬೇಡಿ, ಬಾಗಿಲು ಹಾಕಿಕೊಂಡು ಒಳಗೇ ಇರಿ.” ಊರಿನ ಜನ ರೋಗಕ್ಕೆ ಹೆದರಿದರು. ಅಕ್ಕ ಹೆದರಿದ್ದು ಆ ಆಟೊಗೆ. ಅದರ ಸದ್ದು ಕೇಳಿದರೆ ಹೊಸ್ತಿಲಿನ ಮೇಲೆ ಬಂದು ನಿಲ್ಲುವಳು. ಒಳಗೂ ಅಲ್ಲ, ಹೊರಗೂ ಅಲ್ಲ. ಎದುರು ಮನೆಯ ಕೆಂಪಣ್ಣ ಮಾವ ಅದನ್ನು ನೋಡಿ, “ಏನಮ್ಮಿ, ಹೊಸ್ಲು ಕಾಯ್ತಾ ನಿಂತಿದೀಯ? ಕೊರೊನಾ ಬಂದ್ರೆ ಒಳೀಕ್ ಕರ್ಕೊಳಾಕಾ?” ಎಂದು ರೇಗಿಸುತ್ತಿದ್ದರು. ಆಟೊ ಬೀದಿ ದಾಟುವವರೆಗೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ.

ಅದೇ ದಿನಗಳಲ್ಲಿ ಅವಳ ಹಾಸಿಗೆಯ ಸುತ್ತ ನೀರಿನ ಬಾಟಲಿಗಳು ಕಾಣಿಸಿಕೊಂಡವು. ಒಂದು, ಎರಡು, ಕೊನೆಗೆ ಏಳು. ಹಳೆಯ ತಂಪು ಪಾನೀಯದ ಬಾಟಲಿಗಳನ್ನು ತೊಳೆದು, ತುಂಬಿ, ಸೀರೆಯ ಗಂಟಿನ ಹಿಂದೆ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು. ಅವ್ವ, “ನಲ್ಲಿ ಮನೆ ಮುಂದೇನೇ ಐತೆ, ಇದ್ಯಾಕೆ? ಸೊಳ್ಳೆ ಮೊಟ್ಟೆ ಇಡ್ತವೆ,” ಎಂದು ಬೈದು ಚೆಲ್ಲಿದಳು. ಮರುದಿನ ಮತ್ತೆ ತುಂಬಿದ್ದವು. ಮುಚ್ಚಿದ ಕೋಣೆಯಲ್ಲಿ ಬಾಯಾರಿದವಳು ಮಾತ್ರ ಹಾಗೆ ನೀರು ಕೂಡಿಡುತ್ತಾಳೆ ಎಂಬುದು ನನಗೆ ಹೊಳೆಯಲಿಲ್ಲ. ಎಲ್ಲರೂ ಏನೇನನ್ನೋ ಕೂಡಿಡುತ್ತಿದ್ದ ಕಾಲ ಅದು.

ಅವ್ವ ಮಾತ್ರ ಏನನ್ನೋ ಊಹಿಸಿದಳು. ಕಬ್ಬಾಳಮ್ಮನಿಗೆ ಹರಕೆ ಹೊತ್ತಳು. ಲಾಕ್‌ಡೌನ್ ತೆಗೆದ ಕೂಡಲೇ ಕಬ್ಬಾಳಿಗೆ ಹೋಗಿ ಅಕ್ಕನ ಕೈಗೆ ಅಮ್ಮನ ದಾರ ಕಟ್ಟಿಸಬೇಕೆಂದಳು. ಅಕ್ಕ ಸೊಪ್ಪು ಕತ್ತರಿಸುತ್ತಾ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ:

“ಅಮ್ನೋರ್ ಗುಡೀಗೂ ಬೀಗ ಹಾಕವ್ರಂತೆ ಕಣವ್ವ. ಪಾಪ, ಅವ್ರೆಂಗವ್ರೋ ಒಳಗೆ.”

ನಾನು ನಕ್ಕೆ. ಅವಳು ತಮಾಷೆ ಮಾಡುತ್ತಿದ್ದಾಳೆಂದು ಭಾವಿಸಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಎರಡನೇ ಅಲೆ ಬಂತು. ಆಗ ನಾನು ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಓದಿದವಳು, ಕೈಬರಹ ಚೆನ್ನಾಗಿದೆ ಎಂದು ಪಂಚಾಯಿತಿಯ ಕಾರ್ಯಪಡೆಗೆ ಸೇರಿಸಿಕೊಂಡರು. ಬೆಂಗಳೂರಿನಿಂದ ಬಂದವರ ಪಟ್ಟಿ, ಜ್ವರ ಬಂದವರ ಪಟ್ಟಿ, ಸಂಪರ್ಕಕ್ಕೆ ಬಂದವರ ಪಟ್ಟಿ ಬರೆಯುವುದು. ಸೋಂಕು ಬಂದ ಮನೆಯ, ಹೊರಗಿನಿಂದ ಜನ ಬಂದ ಮನೆಯ ಬಾಗಿಲಿಗೆ ಚೀಟಿ ಅಂಟಿಸುವುದು. ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕದ ಪ್ರಮಾಣ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಜೀವನದಲ್ಲಿ ಮೊದಲ ಬಾರಿಗೆ ಊರಿನ ಹಿರಿಯರು ನನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ನನಗೆ ಅದು ಇಷ್ಟವಾಗಿತ್ತು. ತಪ್ಪು ಮಾಡಿಬಿಟ್ಟರೆ ಎಂಬ ಭಯವೂ ಅಷ್ಟೇ ಇತ್ತು. ನಿಯಮದ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು, ಯಾರದೇ ಮನೆಗೆ ಹೋಗುವ ಮುನ್ನ ಮತ್ತೊಮ್ಮೆ ಓದಿಕೊಳ್ಳುತ್ತಿದ್ದೆ.

ಹುಳು ಮನೆಯಲ್ಲಿ ಒಂದು ಬೆಳೆ ಮುಗಿದು, ಗೂಡು ಮಾರಿ, ಎಲ್ಲವನ್ನೂ ತೊಳೆದು ಬ್ಲೀಚಿಂಗ್ ಪುಡಿ ಹಾಕಿ ಖಾಲಿ ಬಿಟ್ಟಿದ್ದೆವು. ಆ ವಾರವೇ ಅಕ್ಕನಿಗೆ ಜ್ವರ ಬಂತು. ಪರೀಕ್ಷೆ ಮಾಡಿಸಿದಾಗ ಪಾಸಿಟಿವ್. ಮನೆಯಲ್ಲಿ ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ ಇದ್ದರೆ ಮನೆಯಲ್ಲೇ ಇರಬಹುದಿತ್ತು. ಇಲ್ಲವಾದರೆ ರಾಮನಗರದ ಆರೈಕೆ ಕೇಂದ್ರಕ್ಕೆ ಕಳುಹಿಸಬೇಕು. ಆ ಕೇಂದ್ರದಲ್ಲಿ ಕಾವಲಿಗೆ ಪೊಲೀಸರಿದ್ದಾರೆ, ಗೇಟಿಗೆ ಬೀಗ ಹಾಕಿರುತ್ತಾರೆ ಎಂದು ಕೇಳಿದ್ದೆ. ಅಕ್ಕ ಅಲ್ಲಿಗೆ ಹೋಗಬಾರದು ಎಂದು ನಿಶ್ಚಯಿಸಿದೆ. ಹಾಳೆಯಲ್ಲಿ ಕೇಳಿದ್ದರು: ಗಾಳಿಯಾಡುವ ಪ್ರತ್ಯೇಕ ಕೋಣೆ ಇದೆಯೇ? ಇದೆ. ಮುಚ್ಚಬಹುದಾದ ಬಾಗಿಲು ಇದೆಯೇ? ಇದೆ. ಹತ್ತಿರದಲ್ಲಿ ಶೌಚಾಲಯ ಇದೆಯೇ? ಇದೆ. ಮೂರಕ್ಕೂ ನಾನೇ ಗುರುತು ಹಾಕಿದೆ. ನಮ್ಮ ಹುಳು ಮನೆಗಿಂತ ಸ್ವಚ್ಛವಾದ ಕೋಣೆ ನಮ್ಮ ಊರಿನಲ್ಲೇ ಇರಲಿಲ್ಲ.

ಒಂದು ಸಂಗತಿಯನ್ನು ಆ ಹಾಳೆ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ಹುಳು ಮನೆಯ ಬಾಗಿಲಿಗೆ ಒಳಗಡೆ ಚಿಲಕ ಇರುವುದಿಲ್ಲ. ಒಳಗಿರುವುದು ಹುಳು, ಅದಕ್ಕೆ ಚಿಲಕ ಯಾರು ಇಡಿಸುತ್ತಾರೆ? ಹೊರಗಿನ ಚಿಲಕವೊಂದೇ.

ಮೊದಲ ಮೂರು ದಿನ ಚೆನ್ನಾಗಿಯೇ ನಡೆಯಿತು. ಬಾಗಿಲು ತೆರೆದೇ ಇತ್ತು, ಬಲೆಯ ಪರದೆ ಇಳಿಬಿಟ್ಟಿದ್ದೆವು. ನಾನು ಮುಖಗವಸು ಹಾಕಿ ಆರು ಅಡಿ ದೂರದಲ್ಲಿ ತಟ್ಟೆ ಇಟ್ಟರೆ ಅವಳು ಪರದೆ ಸರಿಸಿ ತೆಗೆದುಕೊಳ್ಳುತ್ತಿದ್ದಳು.

“ಸವಿ, ನಾನೇ ಈಗ ಹುಳ ಆಗ್ಬುಟ್ಟೆ ಕಣೆ. ಮುದ್ದೆ ಯಾಕ್ ತಂದೆ? ಸೊಪ್ಪು ತಂದಾಕು.”

“ಸುಮ್ನೆ ಉಣ್ಣಕ್ಕ. ಬಸ್ಸಾರು ಆರೋಯ್ತದೆ.”

“ನಾಕ್ ಜ್ವರ ಎದ್ರೆ ಗೂಡು ಕಟ್ತೀನಿ ನೋಡು. ರೇಟ್ ಕೇಳಿಕೊಂಡ್ ಬಾ.”

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಗೂಡು ಕಟ್ಟುತ್ತದೆ. ಅವಳು ಕೆಮ್ಮುತ್ತಲೇ ನಗುತ್ತಿದ್ದಳು. ಅವಳ ಆಮ್ಲಜನಕ ತೊಂಬತ್ತಾರು ಇತ್ತು. ನಾನು ನೆಮ್ಮದಿಯಿಂದ ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ನಾಲ್ಕನೆಯ ದಿನ ಅಪ್ಪನಿಗೂ ಜ್ವರ ಬಂದು ಮಲಗಿದ. ಅವ್ವ ಅವನನ್ನು ನೋಡಿಕೊಂಡು ಮುಂದಿನ ಕೋಣೆಯಲ್ಲೇ ಉಳಿದಳು. ಹಿತ್ತಿಲಿನ ಕಡೆ ಓಡಾಡುವವಳು ನಾನೊಬ್ಬಳೇ ಆದೆ. ಅಂದು ಬೆಳಿಗ್ಗೆ ಕೆಂಪಣ್ಣ ಮಾವ ಹಾಲಿನ ಕ್ಯಾನು ಹಿಡಿದು ನಮ್ಮ ಹಿತ್ತಿಲಿನ ಬೇಲಿಯ ಹೊರಗೆ ನಿಂತರು. ಡೈರಿಗೆ ಹೋಗುವ ಕಾಲುದಾರಿ ನಮ್ಮ ಹುಳು ಮನೆಯ ಬಾಗಿಲಿನ ಮುಂದೆಯೇ ಹಾದುಹೋಗುತ್ತದೆ. ಹಿಂದಿನ ತಿಂಗಳು, ಅವರ ಭಾವಮೈದುನ ಬೆಂಗಳೂರಿನಿಂದ ಬಂದ ಕಾರಣಕ್ಕೆ, ಅವರ ಮನೆಗೆ ಚೀಟಿ ಅಂಟಿಸಿದ್ದವಳು ನಾನೇ. ಅವರ ಹೆಂಡತಿಗೆ ಉಬ್ಬಸವಿತ್ತು. ಅವರ ಭಯ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

“ಏನವ್ವ ಸವಿತಾ, ಊರೋರ್ ಮನೆ ಬಾಗ್ಲಿಗೆಲ್ಲಾ ಚೀಟಿ ಅಂಟುಸ್ತೀಯ. ನಿಮ್ಮನೆ ಬಾಗ್ಲು ಮಾತ್ರ ದಿಡ್ಡಿ ತೆಗೆದಿಟ್ಟಿದೀಯ?”

“ಬಲೆ ಐತಲ್ಲ ಮಾವ.”

“ಬಲೇಲಿ ನೊಣ ನಿಂತ್ಕತದೆ, ಕೊರೊನಾ ನಿಂತ್ಕತದಾ? ಓದಿರೋಳು ನೀನೇ ಹಿಂಗಂದ್ರೆ? ಊರ್ ಜನ ಎಲ್ಲಾ ಇದೇ ದಾರೀಲಿ ಹಾಲು ಹೊತ್ಕೊಂಡೋಗೋದು. ಹಾಲಿನ ಹೊತ್ತಿಗಾದ್ರೂ ಒಸಿ ಬಾಗ್ಲು ಮುಚ್ಚು. ಇಲ್ದಿದ್ರೆ ಪಂಚಾಯ್ತಿಗೆ ಫೋನ್ ಮಾಡ್ತೀನಿ, ರಾಮನಗರಕ್ಕೆ ಕರ್ಕೊಂಡೋಗ್ಲಿ.”

ಅವರ ಹಿಂದೆ ಇನ್ನೂ ನಾಲ್ಕು ಜನ ಕ್ಯಾನು ಹಿಡಿದು ನಿಂತಿದ್ದರು. ನಿಯಮದ ಹಾಳೆಯಲ್ಲಿ ಏನಿತ್ತೆಂದು ನನಗೆ ಬಾಯಿಪಾಠವಾಗಿತ್ತು. ಬಾಗಿಲು ಮುಚ್ಚಿರತಕ್ಕದ್ದು. ಅವರ ಮಾತು ಸರಿಯಾಗಿತ್ತು. ನಾನು ಮನೆಯವರಿಗೊಂದು, ಹೊರಗಿನವರಿಗೊಂದು ನಿಯಮ ಮಾಡಿದ್ದೆ.

ಪರದೆಯ ಬಳಿ ಹೋಗಿ, “ಅಕ್ಕ, ಹಾಲಿನ ಹೊತ್ತಲ್ಲಿ ಮಾತ್ರ ಬಾಗ್ಲು ಹಾಕ್ತೀನಿ. ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ. ಅಷ್ಟೇ,” ಎಂದೆ.

ಅವಳು ನನ್ನನ್ನು ನೋಡಲಿಲ್ಲ. “ಹೂಂ,” ಎಂದಳು.

ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಬಾಗಿಲನ್ನು ಎಳೆದೆ. ಗಾಳಿಗೆ ಅದು ಮತ್ತೆ ತೆರೆದುಕೊಂಡಿತು. ಎಳೆದು ಚಿಲಕ ಹಾಕಿದೆ. ಕಬ್ಬಿಣದ ಸದ್ದು ನನಗೂ ಕೇಳಿಸಿತು. ಕೆಂಪಣ್ಣ ಮಾವ, “ಈಗ ಸರಿ,” ಎಂದು ಮುಂದೆ ಹೋದರು.

ಅಂದು ಬೆಳಿಗ್ಗೆ ಮತ್ತು ಸಂಜೆ ಗಂಟೆಗೆ ಸರಿಯಾಗಿ ತೆಗೆದೆ. ಅಕ್ಕ ಮಾತಾಡಲಿಲ್ಲ, ಜ್ವರದ ಆಯಾಸ ಎಂದುಕೊಂಡೆ. ಮರುದಿನ ಬೆಳಿಗ್ಗೆ ಆರೂವರೆಗೆ ಚಿಲಕ ಹಾಕಿದ ಸ್ವಲ್ಪ ಹೊತ್ತಿಗೆ ಊರಿನ ಕೊನೆಯ ಮನೆಯಿಂದ ಫೋನ್ ಬಂತು. ಆ ಮನೆಯ ಹಿರಿಯರಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಓಡಿದೆ. ಯಂತ್ರದಲ್ಲಿ ಎಪ್ಪತ್ತೆಂಟು ತೋರಿಸಿತು. ಆಂಬುಲೆನ್ಸಿಗೆ ಫೋನ್ ಮಾಡಿ, ಹಾಸಿಗೆ ಖಾಲಿ ಇದೆಯೇ ಎಂದು ಎಲ್ಲೆಲ್ಲಿಗೋ ಫೋನ್ ಮಾಡಿ, ಅವರನ್ನು ಕೂರಿಸಿಕೊಂಡು ಬೆನ್ನು ತಟ್ಟುತ್ತಾ ಕಾದು, ಕೊನೆಗೆ ವಾಹನ ಬಂದು ಅವರನ್ನು ಹತ್ತಿಸಿ ಕಳುಹಿಸುವಾಗ ಹತ್ತು ಗಂಟೆ ದಾಟಿತ್ತು. ಆ ಹಿರಿಯರು ಬದುಕಿ ಬಂದರು. ಊರಿನವರು ಇಂದಿಗೂ ಅದಕ್ಕಾಗಿ ನನ್ನನ್ನು ಹೊಗಳುತ್ತಾರೆ.

ಆ ಮನೆಯ ಜಗುಲಿಯ ಮೇಲೆ ಕೈ ತೊಳೆಯುವಾಗ ನೆನಪಾಯಿತು. ಆ ಕಾಲುದಾರಿಯಲ್ಲಿ ಓಡಿದಷ್ಟು ನಾನು ಎಂದೂ ಓಡಿಲ್ಲ.

ಹುಳು ಮನೆಯ ಒಳಗಿನಿಂದ ಸದ್ದಿರಲಿಲ್ಲ. ಅವಳು ಕೂಗಿದ್ದರೆ ಅವ್ವನಿಗೆ ಕೇಳಿಸುತ್ತಿತ್ತು. ಬಾಗಿಲು ಬಡಿದಿದ್ದರೂ ಕೇಳಿಸುತ್ತಿತ್ತು. ಅವಳು ಕೂಗಿರಲಿಲ್ಲ, ಬಡಿದಿರಲಿಲ್ಲ. ಚಿಲಕ ತೆಗೆದಾಗ ಶೀಟಿನ ಕೆಳಗಿನ ಬಿಸಿಗಾಳಿ, ಬ್ಲೀಚಿಂಗ್ ಪುಡಿಯ ವಾಸನೆ ಮುಖಕ್ಕೆ ಹೊಡೆದವು. ಅಕ್ಕ ಬಾಗಿಲಿನಿಂದ ಅತಿ ದೂರದ ಮೂಲೆಯಲ್ಲಿ, ಹುಳುವಿನ ಸ್ಟ್ಯಾಂಡಿನ ಹಿಂದೆ, ಗೋಡೆಗೆ ಬೆನ್ನು ಒತ್ತಿ ಕುಳಿತಿದ್ದಳು. ತಲೆ ಬಾಚಿಕೊಂಡಿದ್ದಳು. ಹಾಸಿಗೆ ಸುತ್ತಿಟ್ಟಿದ್ದಳು. ಇನ್ನೊಂದು ಮೂಲೆಯಲ್ಲಿ ನೆಲ ಒದ್ದೆಯಾಗಿತ್ತು; ತನ್ನ ಟವೆಲಿನಿಂದ ಒರೆಸಿ, ಆ ಟವೆಲನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿಟ್ಟಿದ್ದಳು. ಶೌಚಾಲಯ ಐದು ಹೆಜ್ಜೆ ದೂರದಲ್ಲಿತ್ತು.

ನಾನು, “ಅಕ್ಕ...” ಎಂದೆ.

ಅವಳು ತಲೆ ಎತ್ತದೆ, “ತಪ್ಪಾಯ್ತು. ಇನ್ಮೇಲೆ ಹಿಂಗ್ ಮಾಡಾಕಿಲ್ಲ,” ಎಂದಳು.

ಆ ಮಾತು ನನಗೆ ಹೇಳಿದ್ದಲ್ಲ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಅವಳು ಆ ಮಾತನ್ನು ಈ ಹಿಂದೆ ಎಷ್ಟು ಬಾರಿ, ಯಾರಿಗೆ ಹೇಳಿದ್ದಳೋ ನನಗೆ ಗೊತ್ತಿಲ್ಲ. ಆದರೆ ಈ ಸಲ ಆ ಬಾಗಿಲಿನಲ್ಲಿ ನಿಂತಿದ್ದವಳು ನಾನು.

ಇನ್ನೊಂದು ವಾರದಲ್ಲಿ ಅವಳ ಜ್ವರ, ಕೆಮ್ಮು ಎಲ್ಲ ಹೋದವು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಗುಣಮುಖ’ ಎಂದು ಬರೆಯಬೇಕಾಯಿತು. ಬರೆದೆ. ಅಂದು ಅವಳು ಹುಳು ಮನೆಯಿಂದ ತಾನಾಗಿ ಹೊರಗೆ ಬರಲಿಲ್ಲ. ಬಾಗಿಲು ತೆರೆದಿತ್ತು, ಪರದೆ ಎತ್ತಿ ಕಟ್ಟಿದ್ದೆ. ಅವಳು ಒಳಗೇ ನಿಂತು ನನ್ನ ಮುಖ ನೋಡುತ್ತಿದ್ದಳು. “ಬಾ ಅಕ್ಕ,” ಎಂದ ಮೇಲೆಯೇ ಬಂದಳು.

ಆಮೇಲೆ ಎಲ್ಲದಕ್ಕೂ ಹಾಗೆಯೇ. ಉಣ್ಣಲೇ? ಹಸುವಿಗೆ ಹುಲ್ಲು ಹಾಕಲೇ? ಬಚ್ಚಲಿಗೆ ಹೋಗಲೇ? ಮೊದಲೆಲ್ಲ ಬಾಗಿಲು ಮುಚ್ಚಿದರೆ ಸಿಟ್ಟಾಗುತ್ತಿದ್ದವಳು ಈಗ ನಾವು ಬಾಗಿಲು ಮುಚ್ಚಿದರೂ ಸುಮ್ಮನಿದ್ದಳು. ಅದೇ ಹೆಚ್ಚು ಭಯ ಹುಟ್ಟಿಸಿತು. ಹುಳು ಮನೆಯ ಕಡೆ ತಿರುಗಿ ನೋಡಲಿಲ್ಲ. ಮುಂದಿನ ಬೆಳೆ ಇಡಲೇ ಇಲ್ಲ. ಅಪ್ಪ ಹುಷಾರಾಗಿ ಎದ್ದು ಬಂದು, ಅವಳು ಅವನನ್ನು, “ಅಪ್ಪಾ, ನೀರು ಕುಡೀಲಾ?” ಎಂದು ಕೇಳಿದ್ದನ್ನು ಕೇಳಿ, ಹೊರಗೆ ಹೋಗಿ ಕೊಟ್ಟಿಗೆಯ ಕಂಬಕ್ಕೆ ತಲೆಯಿಟ್ಟು ನಿಂತ. ಅವನಿಗೆ ಕಾರಣ ಗೊತ್ತಿರಲಿಲ್ಲ. ಅವ್ವ ಕೊರೊನಾ ತಲೆಗೇರಿದೆ ಎಂದುಕೊಂಡಳು. ನಾನು ಯಾರಿಗೂ ಹೇಳಲಿಲ್ಲ.

ಆಶಾ ಕಾರ್ಯಕರ್ತೆ ಲಕ್ಷ್ಮಮ್ಮ ಒಂದು ದಿನ ಅಕ್ಕನನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, “ಇದು ಮೈ ಕಾಯ್ಲೆ ಅಲ್ಲ ಕಣವ್ವ,” ಎಂದು ಒಂದು ಫೋನ್ ನಂಬರ್ ಕೊಟ್ಟಳು. ಆಸ್ಪತ್ರೆಯ ಆಪ್ತ ಸಮಾಲೋಚಕಿಯ ನಂಬರ್. ಹಿಪ್ಪುನೇರಳೆ ತೋಟದ ನಡುವೆ ನಿಂತು ಫೋನ್ ಮಾಡಿದೆ. ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದುಕೊಂಡಿದ್ದೆ. ಮಾಗಡಿಯ ಮನೆ, ರಾಗಿ ಕೋಣೆ, ಬಾಟಲಿಗಳು, ಸೋಂಕು ಎಲ್ಲವನ್ನೂ ಕ್ರಮವಾಗಿ ಓದಿದೆ. ಅವರು ಕೊನೆಯವರೆಗೆ ಕೇಳಿ, ಮೆಲ್ಲಗೆ, “ಹುಳು ಮನೆಯ ಬಾಗಿಲು ಹಾಕಿದ್ದು ಯಾರಮ್ಮ?” ಎಂದರು.

“ನಿಯಮದ ಪ್ರಕಾರ ಹಾಕಬೇಕಾಗಿತ್ತು ಮೇಡಂ.”

“ಸರಿ. ಯಾರು ಹಾಕಿದರು?”

“ನಾವು.”

ಫೋನಿನ ಆ ಕಡೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು.

“ನಾನು,” ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಈ ಕಾಯಿಲೆಯ ದಿನಗಳಲ್ಲಿ ಇಂಥ ಫೋನ್‌ಗಳು ತಮಗೆ ಬಹಳ ಬರುತ್ತಿವೆ ಎಂದರು. ಒಮ್ಮೆ ಕೂಡಿಹಾಕಿಸಿಕೊಂಡವರಿಗೆ, ಹೊಡೆತ ತಿಂದವರಿಗೆ, ಊರೆಲ್ಲ ಬಾಗಿಲು ಹಾಕಿಕೊಂಡಾಗ ಹಳೆಯದೆಲ್ಲ ಇಂದೇ ನಡೆಯುತ್ತಿರುವಂತೆ ಆಗುತ್ತದೆ. ಮೈಗೆ ಅದು ಹಿಂದಿನದು ಎಂದು ತಿಳಿಯುವುದಿಲ್ಲ ಎಂದರು. ಅವಳು ಅನುಮತಿ ಕೇಳಿದಾಗ ‘ಹೂಂ’ ಎನ್ನಬೇಡಿ, ‘ನಿನ್ನಿಷ್ಟ’ ಎನ್ನಿ. ಆ ಮಾತು ಅವಳಿಗೆ ಮೊದಮೊದಲು ಹಿಂಸೆಯಾಗುತ್ತದೆ, ಆದರೂ ಬಿಡಬೇಡಿ ಎಂದರು. ಏನನ್ನೇ ಮಾಡುವ ಮುನ್ನ ಹೇಳಿ ಮಾಡಿ. ಆಸ್ಪತ್ರೆಗೆ ಕರೆದುಕೊಂಡು ಬನ್ನಿ; ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ. ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದೆ. “ಅದನ್ನು ನಾನು ಹೇಳಲಾರೆ,” ಎಂದರು. ಅವರು ಸುಳ್ಳು ಹೇಳಲಿಲ್ಲ ಎಂಬುದಕ್ಕೆ ನಾನು ಇಂದಿಗೂ ಅವರಿಗೆ ಋಣಿ.

ಅಂದು ಅಪ್ಪ, ಅವ್ವನಿಗೆ ಹೇಳಿದೆ. ಅವ್ವ ನನ್ನ ಕೆನ್ನೆಗೆ ಹೊಡೆದಳು. ನಾನು ಪದವಿ ಪಡೆದ ಮೇಲೆ ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ. ಅಪ್ಪ, “ಬುಡೇ, ಮಗೀಗೆ ಗೊತ್ತಾಗ್ಲಿಲ್ಲ,” ಎಂದ. ನನಗೆ ಗೊತ್ತಿತ್ತು ಎಂಬುದು ನನಗೆ ಮಾತ್ರ ಗೊತ್ತಿತ್ತು. ನನ್ನ ಕೈ ಆ ಚಿಲಕದ ಮೇಲೆ ಒಂದು ಕ್ಷಣ ನಿಂತಿತ್ತು.

ಅಕ್ಕ ಮರಳಿ ಬಂದದ್ದು ನಿಧಾನವಾಗಿ, ಅದೂ ನೆಟ್ಟಗಿನ ದಾರಿಯಲ್ಲಲ್ಲ. ಮಾತ್ರೆ, ತಿಂಗಳಿಗೆರಡು ಸಲ ಬಾಗಿಲಿನ ಪಕ್ಕದ ಸೀಟಿನಲ್ಲಿ ಬಸ್ ಪ್ರಯಾಣ, ಕೆಲವು ಸಲ ಅರ್ಧ ದಾರಿಯಲ್ಲೇ ಇಳಿದು ನಡೆದು ಮನೆಗೆ ವಾಪಸ್. ಒಂದು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವ ಬಡಿಸುತ್ತಿದ್ದಾಗ ಅಕ್ಕ, “ಸಾರು ಉಪ್ಪಾಗೈತೆ, ನಂಗೆ ಬ್ಯಾಡ,” ಎಂದಳು. ಅವ್ವ ಸೌಟು ಹಿಡಿದೇ ಅತ್ತಳು. ಅದಾದ ಮೇಲಿನ ಬೇಸಿಗೆಯಲ್ಲಿ ಅಕ್ಕ ಮತ್ತೆ ಹುಳು ಇಟ್ಟಳು. ಆದರೆ ನಾನು ಊರಿಗೆ ಹೋದಾಗ, ನಾನು ಯಾವುದಾದರೂ ಬಾಗಿಲಿನ ಹತ್ತಿರ ನಿಂತರೆ, ಅವಳ ಕಣ್ಣು ನನ್ನ ಕೈಯ ಮೇಲಿರುತ್ತಿತ್ತು. ಅಪ್ಪನ ಕೈಯನ್ನು ಅವಳು ಹಾಗೆ ನೋಡುತ್ತಿರಲಿಲ್ಲ. ಕೆಂಪಣ್ಣ ಮಾವನ ಕೈಯನ್ನೂ ನೋಡುತ್ತಿರಲಿಲ್ಲ.

ಶಾಲೆಯಲ್ಲಿ ತೊಟ್ಟಿ ತೊಳೆಸಿದ ವಾರದ ಭಾನುವಾರ ಊರಿಗೆ ಹೋದೆ. ಅಕ್ಕ ಹುಳು ಮನೆಯ ಮುಂದೆ ನೆರಳಿನಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತೆ. ಇಷ್ಟು ವರ್ಷಗಳಲ್ಲಿ ನಾವು ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

“ಅಕ್ಕ, ಆವತ್ತು ನಾನು ಬಾಗ್ಲು...”

ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಿದಳು. ತನ್ನ ಕೈ ನೋಡಿಕೊಂಡಳು. ಆಮೇಲೆ, “ಒಳಗೋಗು,” ಎಂದಳು.

“ಎಲ್ಲಿಗೆ?”

“ಹುಳ ಮನೆ ಒಳೀಕೆ. ಓಗೆ.”

ಹೋದೆ. ಬೆಳೆ ಇರಲಿಲ್ಲ, ಖಾಲಿ ಸ್ಟ್ಯಾಂಡುಗಳು, ಸುಣ್ಣ ಬಳಿದ ಗೋಡೆ. ಹಿಂದೆ ಬಾಗಿಲು ಎಳೆದ ಸದ್ದು, ಚಿಲಕ ಬಿದ್ದ ಸದ್ದು ಕೇಳಿಸಿತು. ಕತ್ತಲಾಯಿತು ಎನ್ನುವಂತಿಲ್ಲ, ಬಲೆಯ ಕಿಟಕಿಯಿಂದ ಬೆಳಕು ಬರುತ್ತಿತ್ತು. ಆದರೂ ಬಾಗಿಲನ್ನು ತಳ್ಳಿ ನೋಡಬೇಕೆನಿಸಿತು, ತಳ್ಳಲಿಲ್ಲ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರಬೇಕೆಂದುಕೊಂಡೆ. ಅವಳು ಎದ್ದು ಹೋದರೆ ಎಂಬ ಯೋಚನೆ ಬಂತು. ಹೋದರೆ ಹೋಗಲಿ ಎನ್ನುವ ಧೈರ್ಯ ನನಗಿರಲಿಲ್ಲ.

ಆಗ ಬಾಗಿಲಿನ ಆಚೆಯಿಂದ ಅವಳ ದನಿ ಬಂತು. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿರಬೇಕು, ಅಷ್ಟು ಹತ್ತಿರವಿತ್ತು.

“ಇಲ್ಲೇ ಇವ್ನಿ ಕಣೆ. ಹುಣ್ಸೇಹಣ್ಣು ಬುಡುಸ್ತಾ ಇವ್ನಿ. ಈ ಸಲದ್ದು ಬಾಳಾ ನಾರು... ಕೆಂಪಣ್ಣ ಮಾವನ ಹಸ ಈಯ್ತು, ಗೊತ್ತಾ? ಹೆಣ್ಗರ. ಮಾವ ಊರಿಗೆಲ್ಲಾ ಗಿಣ್ಣು ಹಂಚವ್ನೆ, ನಮ್ಗೆ ಮಾತ್ರ ಒಸಿ ಕಮ್ಮಿ ಕೊಟ್ಟವ್ನೆ, ಜುಗ್ಗ... ಕೇಳುಸ್ತಾ?”

“ಕೇಳುಸ್ತು ಅಕ್ಕ.”

“ಅಳ್ತಾ ಇದೀಯಾ?”

“ಇಲ್ಲ.”

“ಅಳು ಬುಡು. ನಾನೆಲ್ಲೂ ಓಗಾಕಿಲ್ಲ.”

ಅವಳು ಮಾತು ನಿಲ್ಲಿಸಲಿಲ್ಲ. ಸೊಪ್ಪಿನ ಬಗ್ಗೆ, ಹೊಸ ಬೆಳೆಗೆ ಚಾಕಿ ಮರಿ, ಅಂದರೆ ಎಳೆಯ ಹುಳು, ತರಬೇಕಾದ ದಿನದ ಬಗ್ಗೆ, ಅವ್ವನ ಮಂಡಿ ನೋವಿನ ಬಗ್ಗೆ. ಎಷ್ಟು ಹೊತ್ತಾಯಿತೋ ತಿಳಿಯದು. ಚಿಲಕ ತೆಗೆದಳು. ಬೆಳಕಿಗೆ ನನ್ನ ಕಣ್ಣು ಮುಚ್ಚಿಕೊಂಡವು. ಅವಳು ಹೊಸ್ತಿಲಿನ ಹೊರಗೆ ನಿಂತು, ಒಳಗೆ ಕಾಲಿಡದೆ ಕೇಳಿದಳು:

“ನಾನು ಮಾತಾಡ್ತಾನೇ ಇದ್ದೆ, ಅಲ್ವಾ?”

“ಹೂಂ.”

“ಆವತ್ತು ನಂಗೂ ಅಷ್ಟೇ ಕಣೆ ಬೇಕಾಗಿದ್ದು,” ಎಂದಳು.